ಹೊಟ್ಟೆ ಕಟ್ಟಿ ಕೊಂಡ ಹಂಡೆ

ಕೆರೆಕೋಡಿಪುರದ ಪುಟ್ಟಬಸಮ್ಮನನ್ನು ಊರಿನವರು ಜಿಪುಣಿ ಎನ್ನುತ್ತಿದ್ದರು. ಅದು ಊರಿನವರ ದಡ್ಡತನ. ಜಿಪುಣರಿಗೆ ದುಡ್ಡು ಕಂಡರೆ ಪ್ರೀತಿ ಇರುತ್ತದೆ, ಮುಟ್ಟಿ ನೋಡಿ ಸುಖಪಡುತ್ತಾರೆ. ಪುಟ್ಟಬಸಮ್ಮನಿಗೆ ದುಡ್ಡಿನ ಮೇಲೆ ಅಂಥ ಪ್ರೀತಿಯೇನೂ ಇರಲಿಲ್ಲ. ಅವಳಿಗಿದ್ದದ್ದು ಹಗೆ. ಹದಿನಾಲ್ಕು ವರ್ಷ ಅವಳ ಒಲೆ ಉರಿದದ್ದು ಆ ಹಗೆಯಿಂದಲೇ ಎನ್ನಬೇಕು, ಯಾಕೆಂದರೆ ಒಣಗಿದ ಒಳ್ಳೆ ಸೌದೆಯನ್ನಂತೂ ಅವಳು ಒಲೆಗೆ ಇಡುತ್ತಿರಲಿಲ್ಲ, ಮಾರುತ್ತಿದ್ದಳು.

ಹಗೆ ಹುಟ್ಟಿದ್ದು ಒಂದು ಹಿತ್ತಾಳೆ ಚೊಂಬಿನಿಂದ. ಕೊಳ್ಳೇಗಾಲ ಮದರಾಸಿನವರ ಕೈಬಿಟ್ಟು ಮೈಸೂರಿಗೆ ಸೇರಿ ಆಗ ಎರಡು ವರ್ಷ. ಪುಟ್ಟಬಸಮ್ಮನ ಗಂಡ ಚಿಕ್ಕಮಾದಪ್ಪನಿಗೆ ಒಬ್ಬಳೇ ಅಕ್ಕ, ಚನ್ನಮಲ್ಲಮ್ಮ. ಅವಳನ್ನು ಯಳಂದೂರಿನ ಬೆಲ್ಲದ ವ್ಯಾಪಾರಿ ಸದಾಶಿವಪ್ಪನಿಗೆ ಕೊಟ್ಟಿತ್ತು. ಹನ್ನೆರಡು ಅಂಕಣದ ತೊಟ್ಟಿಮನೆ, ಕೈಗೊಬ್ಬ ಕಾಲಿಗೊಬ್ಬ ಆಳು, ಬಾಗಿಲಿಗೆ ಬಂದವರಿಗೆಲ್ಲ ಕಾಫಿ. ಆ ಮನೆಯ ಹಿರಿಯ ಮಗಳ ಮದುವೆಗೆ ಪುಟ್ಟಬಸಮ್ಮ ಮುಯ್ಯಿ ಮಾಡಬೇಕಾಗಿತ್ತು. ಮುಯ್ಯಿ ಎಂದರೆ ನೀವು ಅವರ ಮನೆ ಮದುವೆಗೆ ಕೊಟ್ಟದ್ದನ್ನು ಅವರು ನಿಮ್ಮ ಮನೆ ಮದುವೆಗೆ ಒಂದು ಕೈ ಮುಂದಾಗಿ ವಾಪಸು ಕೊಡಬೇಕು, ಅದು ನಮ್ಮ ಕಡೆಯ ಕಟ್ಟಳೆ. ಚಪ್ಪರದಡಿ ಒಬ್ಬ ಕೂತು ಯಾರು ಏನು ಕೊಟ್ಟರು ಎಂದು ಎಲ್ಲರಿಗೂ ಕೇಳುವ ಹಾಗೆ ಕೂಗಿ ಓದುತ್ತಾನೆ. ಪುಟ್ಟಬಸಮ್ಮ ಒಂದು ಮಳೆಗಾಲದ ಬೆಣ್ಣೆಯನ್ನೆಲ್ಲ ಮಾರಿ, ಕೊಳ್ಳೇಗಾಲದ ಪಾತ್ರೆ ಅಂಗಡಿಯಲ್ಲಿ ಚೊಂಬು ಕೊಂಡು, ಅದರ ಹೊಟ್ಟೆಯ ಮೇಲೆ ತನ್ನ ಹೆಸರು ಹಾಕಿಸಿ ಕೊಟ್ಟಳು. ಓದಿದವನು ಓದಿದ, ಕೇಳಿದವರು ಕೇಳಿದರು, ಅಲ್ಲಿಗೆ ಮುಗಿಯಿತು ಎಂದುಕೊಂಡಳು.

ಆ ವರ್ಷದ ದೀಪಾವಳಿಗೆ ಗಂಡ ಹೆಂಡತಿ, ನಾಲ್ಕು ವರ್ಷದ ಮಗಳು ಸುವರ್ಣಮ್ಮನನ್ನು ಎತ್ತಿಕೊಂಡು ಯಳಂದೂರಿಗೆ ಹೋದರು. ಪುಟ್ಟಬಸಮ್ಮ ಕಾಲು ತೊಳೆಯಲು ಹಿತ್ತಿಲಿಗೆ ಹೋದಾಗ ಬಾಗಿಲ ಪಕ್ಕದ ಗೋಡೆಗೂಡಿನಲ್ಲಿ ತನ್ನ ಚೊಂಬು ಕಂಡಿತು. ಬೆಳಗ್ಗೆ ಬಯಲ ಕಡೆಗೆ ಹೋಗುವವರು ಎತ್ತಿಕೊಂಡು ಹೋಗಲೆಂದು ನೀರು ತುಂಬಿಸಿ ಇಟ್ಟಿದ್ದರು. ಅವಳು ನೋಡುತ್ತಿದ್ದ ಹಾಗೇ ಆಳು ಹೆಂಗಸೊಬ್ಬಳು ಅದನ್ನು ಎತ್ತಿಕೊಂಡು ಎಲೆತೋಟದ ಕಡೆ ಹೋದಳು. ಅಲ್ಲಿದ್ದ ನೆಂಟರ ಹೆಣ್ಣುಮಗಳು, ಅದರ ಮೇಲೆ ಹೆಸರಿದೆಯಲ್ಲ ಎಂದಳು. ಚನ್ನಮಲ್ಲಮ್ಮ ನಡುಮನೆಯಿಂದಲೇ ಹೇಳಿದಳು.

"ಅಷ್ಟ್ ಚಿಕ್ಕದ್ನ ಇನ್ನೆಲ್ಲಿ ಮಡಗದು? ಅದು ಆಗೋದು ಅಲ್ಲಿಗೇ ಕಣವ್ವ."

ಮನೆ ತುಂಬ ಇದ್ದ ಹೆಂಗಸರು ನಕ್ಕರು. ಪುಟ್ಟಬಸಮ್ಮನೂ ನಕ್ಕಳು, ಏನು ಮಾಡುವುದು, ನಗದಿದ್ದರೆ ಇನ್ನೂ ನಗುತ್ತಿದ್ದರು. ಹಾಕಿಸಿಕೊಂಡ ಒಬ್ಬಟ್ಟನ್ನು ಎಲೆಯಲ್ಲೇ ಬಿಟ್ಟು ಎದ್ದಳು. ದಾರಿಯಲ್ಲಿ ಗಂಡನಿಗೆ ಏನೂ ಹೇಳಲಿಲ್ಲ. ಅಕ್ಕನ ವಿಷಯ ಬಂದರೆ ಚಿಕ್ಕಮಾದಪ್ಪ ಕಿವಿ ಕೇಳದವನಾಗುತ್ತಿದ್ದ, ಅಂಥ ಗಂಡಸಿಗೆ ಹೇಳಿ ಪ್ರಯೋಜನವೇನು. ಪಕ್ಕದ ಮನೆಯ ಬಸವಮ್ಮನಿಗೆ ಮಾತ್ರ ಹೇಳಿದಳು.

"ಆ ಮನೇಲಿ ಇನ್ನೊಂದು ಮದುವೆ ಅದೆ, ಮಗಂದು. ಅಂವಂಗೆ ಈಗ ಅತ್ತು ವರ್ಸ. ಅಷ್ಟೊತ್ಗೆ ಕೊಳ್ಳೇಗಾಲದಲ್ಲಿರೋ ದೊಡ್ಡ ತಾಮ್ರದ ಅಂಡೆ ತಕ್ಕಂಡೋಗಿ ಮುಯ್ಯಿ ಓದಿಸ್ತೀನಿ ಬಸವಕ್ಕ. ಅದರ ಕತ್ತಿನ ಸುತ್ತಾ ನನ್ನ ಎಸ್ರು. ದಿನಾ ಬೆಳಗಾಗ್ಲೂ ಅವ್ಳು ಅದರ ಮುಂದೆ ಬಗ್ಗಿ ನೀರು ಮೊಗೀಬೇಕು."

ಬಸವಮ್ಮನಿಗೆ ನಗು ಬಂತು. ಹಂಡೆಯನ್ನು ಮುಯ್ಯಿ ಮಾಡುವುದೆಂದರೆ ಪಟೇಲರ ಮನೆತನದವರಿಗೂ ಯೋಚನೆಯ ಮಾತು. ಎರಡು ಎಕರೆ ಹೊಲ, ಒಂದು ತುಂಡು ಹಿಪ್ಪುನೇರಳೆ, ಎರಡು ಹಸು ಇರುವವರಿಗೆ ಅದು ಎಲ್ಲಿಂದ ಆಗಬೇಕು ಎಂದಳು. ಪುಟ್ಟಬಸಮ್ಮ, ಹೊಟ್ಟೆಯಿಂದ ಆಗುತ್ತದೆ ಎಂದಳು. ಅದನ್ನು ಅವಳು ಬಾಯಿಮಾತಿಗೆ ಹೇಳಿರಲಿಲ್ಲ ಎಂಬುದು ಬಸವಮ್ಮನಿಗೆ ಮರುದಿನದಿಂದ ಗೊತ್ತಾಗತೊಡಗಿತು.

ಮರುದಿನ ಮೊದಲು ಹೋದದ್ದು ಬೆಂಕಿಪೊಟ್ಟಣ. ಪುಟ್ಟಬಸಮ್ಮ ಬೆಳಗ್ಗೆ ಬೆರಣಿಯ ಚೂರು ಹಿಡಿದುಕೊಂಡು ಬಂದು ಬಸವಮ್ಮನ ಒಲೆಯಿಂದ ಕೆಂಡ ಒಯ್ಯುತ್ತಿದ್ದಳು. ಮಂಗಳವಾರ, ಶುಕ್ರವಾರ ಬಸವಮ್ಮ ಕೆಂಡ ಕೊಡುವವಳಲ್ಲ, ಮನೆಯ ಲಕ್ಷ್ಮಿ ಹೋಗುತ್ತಾಳೆ ಎನ್ನುವ ಭಯ. ಆ ದಿನಗಳಲ್ಲಿ ಈ ಮನೆಯವರು ಹಿಂದಿನ ದಿನದ ತಂಗಳು ಮುದ್ದೆಯನ್ನು ಮಜ್ಜಿಗೆ ನೀರಿಗೆ ಹಿಸುಕಿ ಕುಡಿದರು. ಮಜ್ಜಿಗೆ ನೀರು ಎಂದದ್ದು ಯಾಕೆಂದರೆ, ಮಜ್ಜಿಗೆಯನ್ನು ಅವಳು ಮಾರುತ್ತಿದ್ದಳು, ಮಡಕೆ ತೊಳೆದದ್ದು ಮನೆಗೆ.

ಆಮೇಲೆ ಒಗ್ಗರಣೆ ಹೋಯಿತು. ದಿನಾ ಉಪ್ಪೆಸರು. ಹೊಲದ ಬದುವಿನಲ್ಲಿ ಯಾರೂ ಬಿತ್ತದೆ ಬೆಳೆಯುವ ಬೆರಕೆಸೊಪ್ಪನ್ನು ಬೇಯಿಸಿ, ಬಸಿದ ನೀರಿಗೆ ಉಪ್ಪು, ಹಸಿಮೆಣಸಿನಕಾಯಿ ಅರೆದು ಹಾಕಿದರೆ ಸಾರು. ಹಬ್ಬಕ್ಕೆ ರೊಟ್ಟಿ ಮಾಡಿದರೆ ಎಣ್ಣೆಯಲ್ಲಿ ಅದ್ದಿದ ಬಟ್ಟೆಯನ್ನು ಹೆಂಚಿಗೆ ತೋರಿಸುತ್ತಿದ್ದಳು, ಸವರುತ್ತಿರಲಿಲ್ಲ. ಗಂಡನ ಎಲೆ ಅಡಿಕೆ ನಿಂತಿತು. ಚಿಕ್ಕಮಾದಪ್ಪ ಸ್ವಲ್ಪ ದಿನ ಬಾಯಿ ಒಣಗಿಸಿಕೊಂಡು ಓಡಾಡಿದ, ಆಮೇಲೆ ಊರವರ ಮನೆ ಜಗುಲಿಯಲ್ಲಿ ಕೂತು ಅವರು ಕೊಟ್ಟರೆ ಹಾಕಿಕೊಂಡ, ಇಲ್ಲದಿದ್ದರೆ ಹುಲ್ಲುಕಡ್ಡಿ ಜಗಿದ. ಹಣೆಗೆ ಹಚ್ಚುವ ವಿಭೂತಿಗೂ ಕಾಸು ಬಿಚ್ಚಲಿಲ್ಲ, ಹಿತ್ತಿಲಲ್ಲೇ ಸಗಣಿ ಸುಟ್ಟು ಉಂಡೆ ಕಟ್ಟಿದಳು. ದೇವರು ಮುನಿದರೆ ಹಂಡೆ ಬಂದ ಮೇಲೆ ಸಮಾಧಾನ ಮಾಡಿದರಾಯಿತು ಎಂಬುದು ಅವಳ ಲೆಕ್ಕಾಚಾರ.

ಬಟ್ಟೆಗೆ ಸೋಪಿಲ್ಲ, ಹಳ್ಳದ ಚೌಳು ಮಣ್ಣು. ಸೀಮೆಎಣ್ಣೆ ಬುಡ್ಡಿ ಹಚ್ಚುವ ಮೊದಲೇ ಉಂಡು ಮಲಗುವುದು. ಗಂಡನ ಪಂಚೆ ಹರಿದರೆ ಟವಲು, ಟವಲು ಹರಿದರೆ ಪಾತ್ರೆ ಇಳಿಸುವ ಮಸಿಬಟ್ಟೆ, ಅದೂ ಹರಿದರೆ ದೀಪದ ಬತ್ತಿ. ಊರಿಗೆ ಕರೆಂಟು ಬಂದಾಗ ಮನೆಮನೆಗೂ ವೈರು ಎಳೆದರು, ಇವಳು ಬೇಡ ಎಂದಳು. ಪಂಚಾಯ್ತಿಯವರು ಅವಳ ಮನೆ ಮೂಲೆಯ ಕಂಬಕ್ಕೆ ಒಂದು ಬಲ್ಬು ಹಾಕಿದ್ದು ಮಾತ್ರ ಅವಳಿಗೆ ಬಹಳ ಉಪಕಾರವಾಯಿತು. ಬೀಸುವ ಕಲ್ಲನ್ನು ಉರುಳಿಸಿಕೊಂಡು ಬಂದು ಕಂಬದಡಿ ಇಟ್ಟುಬಿಟ್ಟಳು. ನೆಂಟರು ಬರುವುದು ತಾನಾಗಿಯೇ ನಿಂತಿತು, ಕಾಫಿಪುಡಿ ಬದಲು ಹುರಿದ ರಾಗಿ ಕುದಿಸಿ ಬೆಲ್ಲವಿಲ್ಲದೆ ಕೊಟ್ಟರೆ ಯಾವ ನೆಂಟ ತಾನೆ ಎರಡನೇ ಸಲ ಬರುತ್ತಾನೆ. ಬಿಸಿನೀರಿನ ಸ್ನಾನವಂತೂ ಆ ಮನೆಗೆ ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ. ಉಳಿದ ದಿನ ಮಡಕೆಯಲ್ಲಿ ನೀರು ತುಂಬಿಸಿ ಬಿಸಿಲಿಗೆ ಇಡುವುದು. ಹೀಗೆ ಬಿಸಿನೀರು ಕಾಣದ ಮನೆಯವಳು ಬಿಸಿನೀರಿನ ಹಂಡೆಗೆಂದು ಕೂಡಿಡುತ್ತಿದ್ದಳು.

ಇಷ್ಟೆಲ್ಲದರಲ್ಲಿ ಅವಳಿಗೆ ಒಂದು ದಿನವೂ ದುಃಖವಾಗಲಿಲ್ಲ. ಸಪ್ಪೆ ಸಾರಿಗೆ ಮುದ್ದೆ ಅದ್ದುವಾಗ ಚನ್ನಮಲ್ಲಮ್ಮ ಹಂಡೆಯ ಮುಂದೆ ಸೊಂಟ ಬಗ್ಗಿಸುವುದನ್ನು ನೆನೆದುಕೊಳ್ಳುತ್ತಿದ್ದಳು, ಮುದ್ದೆ ತಾನಾಗಿ ಗಂಟಲಿಗೆ ಇಳಿಯುತ್ತಿತ್ತು. ಸೇಡಿಗೆ ಅಷ್ಟು ರುಚಿ ಇರುತ್ತದೆ. ಆದರೆ ಆ ರುಚಿ ಅವಳ ನಾಲಿಗೆಗೆ ಮಾತ್ರ ಗೊತ್ತಿದ್ದದ್ದು. ಅದೇ ತಟ್ಟೆಯಲ್ಲಿ ಉಣ್ಣುತ್ತಿದ್ದ ಸುವರ್ಣಮ್ಮನಿಗೆ ಸಾರು ಬರೀ ಸಪ್ಪೆಯಾಗಿತ್ತು.

ಹುಡುಗಿಗೆ ಕೂದಲು ಚೆನ್ನಾಗಿತ್ತು, ದಟ್ಟವಾಗಿ ಸೊಂಟದವರೆಗೆ. ಎಣ್ಣೆ ಕಾಣದೆ ಅದು ಕೆಂಚಾಗಿ ಜಡೆಗಟ್ಟತೊಡಗಿತು. ಇಸ್ಕೂಲಿನ ಮೇಡಮ್ಮು ಮಗುವಿನ ತಲೆಗೆ ಎಣ್ಣೆ ಹಚ್ಚಿ ಕಳಿಸಿ ಎಂದು ಹೇಳಿ ಕಳಿಸಿದರು. ಪುಟ್ಟಬಸಮ್ಮ ಯೋಚನೆ ಮಾಡಿ ಒಂದು ದಾರಿ ಕಂಡುಕೊಂಡಳು. ಮಗಳನ್ನು ನಡೆಸಿಕೊಂಡು ಮಾದಪ್ಪನ ಬೆಟ್ಟಕ್ಕೆ ಹೋಗಿ ಮುಡಿ ಕೊಡಿಸಿದಳು. ಹರಕೆ ಅಂದಮೇಲೆ ಯಾರು ಏನು ಹೇಳುವ ಹಾಗಿದೆ, ಎಣ್ಣೆಯೂ ಉಳಿಯಿತು, ಪುಣ್ಯವೂ ಬಂತು. ಮರುವರ್ಷ ಕೂದಲು ಕುತ್ತಿಗೆಗೆ ಬರುವ ಹೊತ್ತಿಗೆ ಮತ್ತೆ ಕರೆದುಕೊಂಡು ಹೋದಳು, ಅದರ ಮರುವರ್ಷವೂ. ಇಸ್ಕೂಲಿನಲ್ಲಿ ಹುಡುಗರು ಬೋಳುಬುಂಡೆ ಎಂದು ಕರೆಯತೊಡಗಿದ ಮೇಲೆ ಸುವರ್ಣಮ್ಮ ಇಸ್ಕೂಲು ಬಿಟ್ಟಳು. ಸ್ಲೇಟಿನ ಖರ್ಚು ಉಳಿಯಿತಲ್ಲ, ತಾಯಿ ಒತ್ತಾಯ ಮಾಡಲಿಲ್ಲ.

ಒಂದು ಮಧ್ಯಾಹ್ನ ಬಸವಮ್ಮ ತನ್ನ ಮನೆಯ ಹುಳಿಯನ್ನ ಒಂದಿಷ್ಟು ಹಾಕಿ ಹುಡುಗಿಯನ್ನು ಕೂರಿಸಿದ್ದಳು. ಪುಟ್ಟಬಸಮ್ಮ ಹುಡುಕಿಕೊಂಡು ಬಂದು ಕೈ ಹಿಡಿದು ಎಬ್ಬಿಸಿದಳು. ಮಗುವಿನ ಹೊಟ್ಟೆಗೆ ಮಣ್ಣು ಹಾಕಬೇಡ ಎಂದು ಬಸವಮ್ಮ ಬೈದಳು. ಕೂಡಿಡುವ ಮನೆಯ ಮಗು ಇನ್ನೊಬ್ಬರ ಮನೆಯಲ್ಲಿ ರುಚಿ ಕಂಡರೆ ನಾಳೆಯಿಂದ ನಮ್ಮ ಮನೆ ಊಟ ಸೇರುವುದಿಲ್ಲ ಎಂದು ಪುಟ್ಟಬಸಮ್ಮ ಹೇಳಿದಳು. ಹುಡುಗಿ ಅಳಲಿಲ್ಲ. ಬೆರಳಿಗೆ ಅಂಟಿದ್ದ ಅನ್ನವನ್ನು ನೆಕ್ಕಿಕೊಳ್ಳುತ್ತಾ ತಾಯಿಯ ಹಿಂದೆ ಬಂದಳು.

ಅಂದಿನಿಂದ ಸುವರ್ಣಮ್ಮ ಬದಲಾದಳು, ತಾಯಿಗೆ ಸಂತೋಷವಾಗುವ ಹಾಗೆ ಬದಲಾದಳು. ಕೆಂಡವನ್ನು ಬೂದಿಯಲ್ಲಿ ಹೂತಿಟ್ಟರೆ ಬೆಳಗಿನವರೆಗೂ ಆರುವುದಿಲ್ಲ, ಬಸವಮ್ಮನ ಮನೆಗೆ ಹೋಗಬೇಕಾಗಿಲ್ಲ ಎಂದು ಕಂಡುಹಿಡಿದದ್ದು ಅವಳೇ. ಸೊಪ್ಪು ಬೇಯುವ ನೀರಿಗೇ ರಾಗಿಹಿಟ್ಟು ಸುರಿದರೆ ಒಲೆ ಒಂದೇ ಸಲ ಹೊತ್ತಿಸಿದರೆ ಸಾಕು ಎಂದು ತೋರಿಸಿಕೊಟ್ಟವಳೂ ಅವಳೇ. ಜಂಗಮಯ್ಯ ಭಿಕ್ಷೆಗೆ ಬಂದಾಗ ಹಿಡಿ ತುಂಬಿದ ಹಾಗೆ ಕಂಡು ಹಿಡಿ ತುಂಬದಿರುವಂತೆ ರಾಗಿ ಹಾಕುವುದು ಅವಳ ಕೈಗೆ ಎಷ್ಟು ಸಲೀಸಾಗಿತ್ತೆಂದರೆ ಪುಟ್ಟಬಸಮ್ಮನೇ ಬೆರಗಾದಳು. ತನ್ನ ಹಗೆಯನ್ನು ಮಗಳೂ ಹೊತ್ತುಕೊಂಡಿದ್ದಾಳೆ ಎಂದುಕೊಂಡು ಹೆಮ್ಮೆಪಟ್ಟಳು. ಮಗಳನ್ನು ಒಂದು ಮಾತು ಕೇಳಿ ನೋಡಲಿಲ್ಲ.

ಹೀಗೆ ನಡೆದು ನಡೆದು ಕಡೆಗೆ, ಚನ್ನಮಲ್ಲಮ್ಮ ಮಗ ಪುಟ್ಟಮಲ್ಲಪ್ಪನಿಗೆ ಹೆಣ್ಣು ನೋಡುತ್ತಿದ್ದಾಳೆ ಎಂಬ ಸುದ್ದಿ ಬಂತು. ಅದೇ ವಾರ ಪುಟ್ಟಬಸಮ್ಮ ಗಂಡನ ಕೈಲಿ ಗಾಡಿ ಕಟ್ಟಿಸಿಕೊಂಡು ಕೊಳ್ಳೇಗಾಲಕ್ಕೆ ಹೋದಳು. ಅಂಗಡಿಯವನು ಮಧ್ಯಮದ್ದು ತೋರಿಸಿದ, ಅವಳು ತಲೆ ಎತ್ತಲಿಲ್ಲ. ದೊಡ್ಡದನ್ನು ಒಳಗಿನಿಂದ ಇಬ್ಬರು ಹೊತ್ತು ತಂದರು. ಅದರ ಕತ್ತಿನ ಸುತ್ತ ಅಕ್ಷರ ಕೊರೆಯುವಾಗ ಅವಳು ಅಂಗಡಿ ಮುಂದೆಯೇ ಕೂತಿದ್ದಳು. ಅವಳಿಗೆ ಓದು ಬರುತ್ತಿರಲಿಲ್ಲ, ಆದರೆ ಉಳಿಯ ಒಂದೊಂದು ಪೆಟ್ಟಿಗೂ ಮೈ ಪುಳಕವಾಗುತ್ತಿತ್ತು. ಬಾಗಿಲಲ್ಲಿ ನಿಂತವರಿಗೂ ಕಾಣಬೇಕು, ಅಷ್ಟು ದಪ್ಪ ಹಾಕು ಎಂದು ಹೇಳಿದ್ದಳು. ಕೆರೆಕೋಡಿಪುರದ ಪುಟ್ಟಬಸಮ್ಮನವರ ಮುಯ್ಯಿ, ಎಂದು ಕೊರೆದು ಅವನು ಓದಿ ಹೇಳಿದ. ಇನ್ನೊಂದು ಸಲ ಓದಿಸಿಕೊಂಡಳು.

ಹಂಡೆಯನ್ನು ಮನೆಯ ಮೂಲೆಯಲ್ಲಿ ಬೋರಲು ಹಾಕಿ ಗೋಣಿಚೀಲ ಹೊದಿಸಿದಳು. ಊರೇ ಬಂದು ನೋಡಿಕೊಂಡು ಹೋಯಿತು. ಅದರಲ್ಲಿ ಒಂದು ದಿನ ನೀರು ಕಾಯಿಸಿ ಮೈ ತೊಳೆದುಕೊಳ್ಳೋಣವೇ ಎಂದು ಚಿಕ್ಕಮಾದಪ್ಪ ಆಸೆಯಿಂದ ಕೇಳಿದ. ತಳ ಮಸಿಯಾಗುತ್ತದೆ ಎಂದಳು.

ಆಮೇಲೆ ನಡೆದದ್ದನ್ನು ಪುಟ್ಟಬಸಮ್ಮ ಕನಸಿನಲ್ಲೂ ಎಣಿಸಿರಲಿಲ್ಲ. ಒಂದು ಸೋಮವಾರ ಬೆಳಗ್ಗೆ ಚನ್ನಮಲ್ಲಮ್ಮ ಗಂಡ ಸದಾಶಿವಪ್ಪನ ಜೊತೆ ಗಾಡಿಯಿಂದ ಇಳಿದಳು. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ತೆಂಗಿನಕಾಯಿ, ಬಾಳೆಹಣ್ಣು, ಎಲೆ ಅಡಿಕೆ. ಬಂದವಳು ಸುತ್ತಿ ಬಳಸಿ ಮಾತಾಡಲಿಲ್ಲ. ತಮ್ಮನ ಮಗಳ ಮೇಲೆ ಅಕ್ಕನಿಗೆ ಹಕ್ಕಿದೆ, ಸುವರ್ಣಿಯನ್ನು ತನ್ನ ಮಗನಿಗೆ ಕೊಡಬೇಕು ಎಂದಳು.

"ನಮ್ಮನೇಲಿ ಸುರಿಯೋ ಕೈಗಳೇ ಎಲ್ಲಾ, ಬಸಮ್ಮ. ಆಳುಗಳು ತಿಂದಾಕ್ತಾವೆ, ನಂಗೆ ಬಿಗಿ ಮಾಡಕೆ ಬರಕಿಲ್ಲ. ನಿನ್ನ ಕೈಲಿ ಬೆಳೆದ ಎಣ್ಣು ಬಂದ್ರೆ ನಮ್ಮನೆ ನಿಲ್ತದೆ. ಬೀಗದಕೈ ಮೊದಲ್ನೇ ದಿನಾನೇ ಅವಳ ಸೊಂಟಕ್ಕೆ ಕಟ್ಬುಡ್ತೀನಿ."

ಪುಟ್ಟಬಸಮ್ಮನ ತಲೆ ಚುರುಕಾಗಿ ಓಡಿತು. ಮಗಳನ್ನು ಆ ಮನೆಗೆ ಕೊಟ್ಟರೆ ತಾನು ಹೆಣ್ಣಿನ ತಾಯಿ. ಹೆಣ್ಣಿನ ತಾಯಿ ಕೊಡುವುದು ಬಳುವಳಿ, ಅದು ಅವರಿಗೆ ಸಲ್ಲಬೇಕಾದದ್ದೇ, ಅದರಿಂದ ಯಾರ ತಲೆಯೂ ತಗ್ಗುವುದಿಲ್ಲ, ಯಾರೂ ಅದನ್ನು ತೀರಿಸಬೇಕಾಗಿಲ್ಲ. ಅಲ್ಲದೆ ಹಂಡೆಯ ಮುಂದೆ ಬಗ್ಗಿ ಉರಿ ಊದುವವಳು ಚನ್ನಮಲ್ಲಮ್ಮ ಅಲ್ಲ, ಸುವರ್ಣಮ್ಮ. ಹದಿನಾಲ್ಕು ವರ್ಷದ ಕೆಲಸ ಒಂದು ತೆಂಗಿನಕಾಯಿಯಲ್ಲಿ ನೀರಾಗುತ್ತಿತ್ತು. ಆದರೆ ಆ ಕ್ಷಣವೇ ಅವಳಿಗೆ ಇನ್ನೊಂದು ಹೊಳೆಯಿತು, ಇವಳು ನನ್ನ ಬಾಗಿಲಿಗೆ ಬಂದು ಬೇಡುತ್ತಿದ್ದಾಳೆ. ಹಂಡೆಗಿಂತ ಇದು ದೊಡ್ಡದು. ಬೆಲ್ಲವಿಲ್ಲದ ರಾಗಿ ಕಾಫಿಯನ್ನು ಬೀಗಿತ್ತಿಯಾಗಲು ಬಂದವಳ ಮುಂದಿಟ್ಟು, ಅವಳು ಒಂದು ಗುಟುಕು ಕುಡಿದು ಮುಖ ಹಿಂಡುವವರೆಗೂ ಕಾದಳು.

"ಎಣ್ಣು ಕೊಡಕ್ಕಿಲ್ಲ ಅಕ್ಕಯ್ಯ. ನಿಮ್ಮ ಕಾಯಿ ನೀವು ಎತ್ಕಂಡೋಗಿ."

ಚನ್ನಮಲ್ಲಮ್ಮನ ಮುಖ ಕಪ್ಪಿಟ್ಟಿತು. ಆ ಮುಖವನ್ನು ನೋಡಿ ಪುಟ್ಟಬಸಮ್ಮನ ಎದೆ ತಣ್ಣಗಾಯಿತು, ಅದೊಂದು ಗಳಿಗೆ ಅವಳ ಜೀವನದಲ್ಲೇ ದೊಡ್ಡ ಹಬ್ಬ. ಆಗ ಅಡುಗೆಮನೆಯಿಂದ ಸುವರ್ಣಮ್ಮ ಬಂದಳು. ಸೆರಗಿಗೆ ಕೈ ಒರೆಸಿಕೊಂಡು, ತಾಯಿಯ ಕಡೆ ನೋಡದೆ, ಅತ್ತೆಗೆ ಹೇಳಿದಳು.

"ನಾನು ಬತ್ತೀನಿ ಅತ್ತೆ."

ಅದಕ್ಕೆ ಪುಟ್ಟಬಸಮ್ಮ ಬಾಯಿ ತೆರೆಯುವಷ್ಟರಲ್ಲಿ, ಅಷ್ಟು ವರ್ಷ ಕಂಬದಂತೆ ಕೂತಿದ್ದ ಚಿಕ್ಕಮಾದಪ್ಪ ಕೈ ಚಾಚಿ ತಟ್ಟೆಯಿಂದ ಒಂದು ವೀಳ್ಯದೆಲೆ ತೆಗೆದು ಅಡಿಕೆ ಇಟ್ಟು ಬಾಯಿಗೆ ಹಾಕಿಕೊಂಡ. ಹೆಣ್ಣಿನ ತಂದೆ ಎಲೆ ಹಾಕಿಕೊಂಡನೆಂದರೆ ಮಾತು ಮುಗಿದ ಹಾಗೆ, ಅದನ್ನು ಹಿಂದಕ್ಕೆ ತಿರುಗಿಸುವವರು ನಮ್ಮಲ್ಲಿ ಯಾರೂ ಇಲ್ಲ. ಅವನು ಕಣ್ಣು ಮುಚ್ಚಿ ನಿಧಾನವಾಗಿ ಜಗಿದ. ಆಮೇಲೆ ತಾಯಿ ಮಗಳನ್ನು ಹಿಡಿದು ಅಲುಗಿಸಿ ಯಾಕೆ ಎಂದು ಕೇಳಿದಳು. ಮಗಳು ಕೈ ಬಿಡಿಸಿಕೊಂಡು ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ಆ ಮನೆಯ ತುಪ್ಪಕ್ಕೆ ಆಸೆಪಟ್ಟಳು ಎಂದು ಪುಟ್ಟಬಸಮ್ಮ ತೀರ್ಮಾನ ಮಾಡಿದಳು.

ಮದುವೆ ಯಳಂದೂರಿನ ಗಂಡಿನ ಮನೆಯಲ್ಲೇ ಆಯಿತು. ಪುಟ್ಟಬಸಮ್ಮ ಹಂಡೆಯನ್ನು ಗಾಡಿಯಲ್ಲಿ ತಂದು ಚಪ್ಪರದ ನಡುವೆ ಇಳಿಸಿದಳು. ಮುಯ್ಯಿ ಓದುವವನು ಅದನ್ನು ಬಳುವಳಿಗೆ ಸೇರಿಸಲು ಹೋದ, ಅವಳು ತಡೆದಳು. ಹೆಣ್ಣು ಹೆತ್ತ ತಾಯಿ ಮುಯ್ಯಿ ಓದಿಸುವುದುಂಟೇ ಎಂದು ಅವನು ಕೇಳಿದ. ಮುಯ್ಯಿ ಎಂದು ಅದರ ಕತ್ತಿನ ಮೇಲೇ ಇದೆ, ಹಾಗೇ ಓದು ಎಂದಳು. ಅವನು ಕೂಗಿ ಓದಿದ. ಚಪ್ಪರದ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ನಗು ಹರಿದಾಡಿತು, ತನ್ನ ಮಗಳ ಮದುವೆಗೆ ತಾನೇ ನೆಂಟಳಾಗಿ ಬಂದ ತಾಯಿಯನ್ನು ಅವರು ನೋಡಿರಲಿಲ್ಲ. ಹಸೆಮಣೆಯ ಮೇಲೆ ಸುವರ್ಣಮ್ಮ ತಲೆ ತಗ್ಗಿಸಿದಳು. ಪುಟ್ಟಬಸಮ್ಮನಿಗೆ ಅದು ಯಾವುದೂ ಕಾಣಲಿಲ್ಲ. ಅವಳು ಚನ್ನಮಲ್ಲಮ್ಮನನ್ನೇ ನೋಡುತ್ತಿದ್ದಳು. ಇಷ್ಟು ದೊಡ್ಡದು ಯಾಕೆ ತಂದೆ ಬೀಗಿತ್ತಿ ಎಂದು ಚನ್ನಮಲ್ಲಮ್ಮ ಹತ್ತಿರ ಬಂದು ಕೇಳಿದಾಗ, ಸಾವಿರ ಸಲ ಮನಸ್ಸಿನಲ್ಲಿ ಆಡಿದ್ದ ಮಾತನ್ನು ಹೊರಗೆ ಹಾಕಿದಳು. ನಾನು ಕೊಟ್ಟ ಚೊಂಬು ನಿಮಗೆ ಚಿಕ್ಕದಾಗಿತ್ತಲ್ಲ ಅಕ್ಕಯ್ಯ, ಎಂದಳು.

"ಯಾವ ಚೊಂಬು?" ಎಂದಳು ಚನ್ನಮಲ್ಲಮ್ಮ.

ನಾಟಕವಲ್ಲ, ಅವಳಿಗೆ ನಿಜವಾಗಿಯೂ ನೆನಪಿರಲಿಲ್ಲ. ದೀಪಾವಳಿ, ಹಿತ್ತಿಲ ಬಾಗಿಲು, ನೆಂಟರ ನಗು, ಎಲ್ಲವನ್ನೂ ಪುಟ್ಟಬಸಮ್ಮ ಬಿಡಿಸಿ ಹೇಳಿದಳು. ಇರಬಹುದು, ಯಾವಾಗಲೋ ಏನೋ ಅಂದಿರಬಹುದು, ನನ್ನ ಬಾಯಿ ಅಂಥದ್ದು ಎಂದು ಚನ್ನಮಲ್ಲಮ್ಮ ಅವಳ ಭುಜ ತಟ್ಟಿ, ಊಟಕ್ಕೆ ಕೂತವರನ್ನು ವಿಚಾರಿಸಲು ಹೋದಳು. ಇದಕ್ಕಿಂತ ಅವಳು ಎದುರಿಗೆ ನಿಂತು ಉಗಿದಿದ್ದರೆ ವಾಸಿಯಿತ್ತು. ಹಗೆಯನ್ನು ಇಷ್ಟು ವರ್ಷ ಸಾಕಿದವಳಿಗೆ, ಎದುರಾಳಿ ಅಂಗಳಕ್ಕೇ ಇಳಿದಿರಲಿಲ್ಲ ಎಂದು ತಿಳಿದರೆ ಹೇಗಾಗಬೇಕು. ಆದರೂ ಹೆಸರು ಅವರ ಬಚ್ಚಲಲ್ಲಿ ಕೂರುತ್ತದಲ್ಲ ಎಂದು ಸಮಾಧಾನ ಮಾಡಿಕೊಂಡು ಊರಿಗೆ ಬಂದಳು.

ಮದುವೆಯಾದ ವರ್ಷವೇ ಸದಾಶಿವಪ್ಪ ತೀರಿಕೊಂಡ. ಅದಾಗಿ ಇನ್ನೊಂದು ವರ್ಷ ಕಳೆದ ಮೇಲೆ, ಬಳೆ ಮಾರುವ ಹೆಂಗಸೊಬ್ಬಳು ಕೆರೆಕೋಡಿಪುರಕ್ಕೆ ಸುದ್ದಿ ತಂದಳು. ಯಳಂದೂರಿನ ಆ ತೊಟ್ಟಿಮನೆಯಲ್ಲಿ ಆಳುಗಳು ಒಬ್ಬರೂ ಇಲ್ಲ, ಬಂದವರಿಗೆ ಕಾಫಿ ಇಲ್ಲ, ಚನ್ನಮಲ್ಲಮ್ಮ ಮೂಳೆ ಚಕ್ಕಳವಾಗಿದ್ದಾಳೆ, ಸೊಸೆ ಅಳೆದು ಹಾಕಿದ್ದನ್ನು ಉಣ್ಣುತ್ತಾಳೆ ಎಂದಳು. ಪುಟ್ಟಬಸಮ್ಮನಿಗೆ ಮೊದಲು ನಂಬಿಕೆಯಾಗಲಿಲ್ಲ. ನಂಬಿಕೆಯಾದ ಮೇಲೆ ಮನೆಯೊಳಗೆ ಹೋಗಿ ಬಾಗಿಲು ಮುಚ್ಚಿಕೊಂಡು ನಕ್ಕಳು. ಮಗಳು ತುಪ್ಪಕ್ಕೆ ಹೋಗಿರಲಿಲ್ಲ. ತಾನು ಹಂಡೆಯಿಂದ ಮಾಡಲಾಗದ್ದನ್ನು ಮಾಡಲು ಮಗಳು ಹೋಗಿದ್ದಾಳೆ ಎಂದುಕೊಂಡಳು. ಆ ಸಂತೋಷಕ್ಕೆ ಅವಳು ಬಸ್ಸಿಗೆ ಕಾಸು ಕೊಟ್ಟು ಯಳಂದೂರಿಗೆ ಹೋದಳು, ಅಲ್ಲಿಯವರೆಗೆ ಬಸ್ಸಿಗೆಂದು ಒಂದು ಕಾಸೂ ಬಿಚ್ಚದವಳು.

ಚನ್ನಮಲ್ಲಮ್ಮ ಜಗುಲಿಯ ಮೇಲೆ ಕೂತಿದ್ದಳು. ಬಣ್ಣ ಹೋದ ಸೀರೆ, ಸೊಂಟದ ಹತ್ತಿರ ಹೊಲಿಗೆ. ಎಣ್ಣೆ ಕಾಣದ ಬಿಳಿಕೂದಲು ಬಿಚ್ಚಿಕೊಂಡಿತ್ತು. ಪುಟ್ಟಬಸಮ್ಮ ಕಣ್ಣು ತುಂಬ ನೋಡಿದಳು. ಚನ್ನಮಲ್ಲಮ್ಮ ಅವಳನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡು, ಒಳಗೆ ಕೇಳಿಸದ ಹಾಗೆ ಹೇಳಿದಳು. ಹುಡುಗಿ ಒಂದು ದಿನವೂ ಎದುರು ಮಾತಾಡಿಲ್ಲ, ಬೈದಿಲ್ಲ. ಮಗನಿಗಂತೂ ಅವಳು ಹೇಳಿದ್ದೇ ವೇದ, ಮನೆ ಉಳಿಯುತ್ತಿದೆ ಎಂದು ಹಿಗ್ಗುತ್ತಾನೆ. ಬೇಕೆಂದು ಕರೆತಂದವಳು ನಾನೇ, ಯಾರಿಗೆ ಹೇಳಲಿ ಎಂದಳು. ಬೆನ್ನಿಗೆ ಒಂದು ಚೊಂಬು ಬಿಸಿನೀರು ಬಿದ್ದು ಯಾವ ಕಾಲವಾಯಿತೋ ಎಂದು ಕಣ್ಣು ಒರೆಸಿಕೊಂಡಳು.

ಬಿಸಿನೀರು ಎಂದ ಕೂಡಲೇ ಪುಟ್ಟಬಸಮ್ಮನಿಗೆ ಹಂಡೆಯ ನೆನಪಾಯಿತು. ಎದ್ದು ಬಚ್ಚಲಿಗೆ ಹೋದಳು. ಒಲೆಗುಂಡಿಯ ಮೇಲೆ ಏನೂ ಇರಲಿಲ್ಲ, ಒಂದು ಮಣ್ಣಿನ ಮಡಕೆ ಕಿಟಕಿಯ ಬಿಸಿಲಿನಲ್ಲಿ ಕೂತಿತ್ತು. ಸುವರ್ಣಮ್ಮ ಅಡುಗೆಮನೆಯಿಂದ ಬಂದಳು. ಐದು ತಿಂಗಳ ಬಸುರಿ, ಕೆನ್ನೆಯ ಮೂಳೆ ಎದ್ದು ಕಾಣುತ್ತಿತ್ತು. ಹಂಡೆ ಎಲ್ಲಿ ಎಂದು ತಾಯಿ ಕೇಳಿದಳು.

"ಮಾರ್ಬುಟ್ಟೆ ಅವ್ವ. ತಾಮ್ರಕ್ಕೆ ಒಳ್ಳೆ ಬೆಲೆ ಬಂದಿತ್ತು. ಅದು ತುಂಬ ಸೌದೆ ತಿಂತದೆ."

ಕರಗಿಸಲು ಕೊಂಡವನು ಕತ್ತಿನ ಮೇಲಿನ ಅಕ್ಷರ ನೋಡಲೇ ಇಲ್ಲವಂತೆ. ಪುಟ್ಟಬಸಮ್ಮ ಖಾಲಿ ಒಲೆಗುಂಡಿಯನ್ನು ಬಗ್ಗಿ ನೋಡಿದಳು. ಸುವರ್ಣಮ್ಮ ಊಟಕ್ಕೆ ಏಳಿ ಎಂದು ಇಬ್ಬರು ಬೀಗಿತ್ತಿಯರಿಗೂ ಅಕ್ಕಪಕ್ಕದಲ್ಲಿ ತಟ್ಟೆ ಹಾಕಿದಳು. ಚಿಕ್ಕ ಮುದ್ದೆ, ಸೊಪ್ಪು ಬಸಿದ ನೀರು. ತನಗೂ ಅಷ್ಟೇ ಹಾಕಿಕೊಂಡು ನಿಂತುಕೊಂಡೇ ಉಂಡು ಮುಗಿಸಿದಳು. ಅದನ್ನು ನೋಡಿ ತಾಯಿ ತನ್ನ ತಟ್ಟೆಯಿಂದ ಕೈ ತೆಗೆದಳು. ಚನ್ನಮಲ್ಲಮ್ಮ ಸೊರಗಿದ್ದಕ್ಕೆ ಬಂದಿದ್ದ ನಗು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಬಾಳಿನಲ್ಲಿ ಮೊದಲ ಸಲ ಅವಳು ಖರ್ಚು ಮಾಡು ಎಂದು ಒಬ್ಬರನ್ನು ಬೇಡಿಕೊಂಡಳು. ಬಸುರಿ ಹೆಂಗಸು ನೀನು, ಒಂದು ಚಮಚ ತುಪ್ಪ ಹಾಕಿಕೋ ಮಗಳೇ, ಇವಳಿಗೆ ಬೇಡ, ನನಗೆ ಬೇಡ, ನಿನಗೆ ಹಾಕಿಕೋ ಎಂದಳು. ಯಾಕೆ ಹೀಗೆ ಕೂಡಿಡುತ್ತಿದ್ದೀಯ, ಇವಳು ನಿನಗೇನು ಮಾಡಿದಳು ಎಂದು ಕೇಳಿದಳು.

ಸುವರ್ಣಮ್ಮ ಕೋಪ ಮಾಡಿಕೊಳ್ಳಲಿಲ್ಲ.

"ಅತ್ತೆ ನಂಗೇನೂ ಮಾಡ್ಲಿಲ್ಲ ಅವ್ವ. ಯಾಕೆ ಕೂಡಾಕ್ತಿದ್ದೀನಿ ಅಂತ ನಂಗೂ ಗೊತ್ತಿಲ್ಲ, ನಂಗೆ ಬರದು ಇದೊಂದೇ. ಅತ್ತೆ ಮ್ಯಾಲೆ ತೀರಿಸ್ಕಬೇಕು ಅಂತ ನನ್ನ ಒಟ್ಟೆ ಕಟ್ದೆಯಲ್ಲ ನೀನು. ಅಸ್ಕಂಡು ಮಲಗ್ದೋಳು ಅತ್ತೆ ಅಲ್ಲ, ನಾನು. ನಾನು ಯಾರ ಮ್ಯಾಲೆ ತೀರಿಸ್ಕಳ್ಲಿ, ನೀನೇ ಯೋಳು."

 ಪಕ್ಕದಲ್ಲಿ ಚನ್ನಮಲ್ಲಮ್ಮ ತಲೆ ತಗ್ಗಿಸಿ ಮುದ್ದೆ ಮುರಿಯುತ್ತಿದ್ದಳು. ಉಣ್ಣು ಅವ್ವ, ತಣ್ಣಗಾದರೆ ಗಂಟಲಿಗೆ ಇಳಿಯುವುದಿಲ್ಲ ಎಂದು ಸುವರ್ಣಮ್ಮ ಹೇಳಿದಳು. ತಾಯಿ ಒಂದು ತುತ್ತು ಮುರಿದು ಸಪ್ಪೆ ಸಾರಿಗೆ ಅದ್ದಿ ಬಾಯಿಗಿಟ್ಟಳು, ಅದು ಇಳಿಯಲಿಲ್ಲ, ನೀರು ಕುಡಿದು ಇಳಿಸಿದಳು. ಮಗಳು ಬಾಗಿಲ ಚೌಕಟ್ಟಿಗೆ ಒರಗಿ ಎರಡೂ ತಟ್ಟೆಗಳನ್ನು ನೋಡುತ್ತಾ ನಿಂತಿದ್ದಳು. ಅವು ಖಾಲಿಯಾಗುವವರೆಗೂ ಅವಳು ಅಲ್ಲಿಂದ ಕದಲಲಿಲ್ಲ.